ಬಾರ್ಬರಾ: ಗೋಟಿಂಗೆನ್ ಹಾಡಿದ ಫ್ರೆಂಚ್ ಗಾಯಕಿ

ಫ್ರಾನ್ಸಿನ ಶಾನ್ಸೋ ಪರಂಪರೆಯ ಅಗ್ರಗಣ್ಯ ಗಾಯಕಿ, ಗೀತರಚನೆಕಾರ್ತಿ. ನಿಜನಾಮ ಮೋನಿಕ್ ಸೆರ್ಫ್. 1930ರ ಜೂನ್ 9ರಂದು ಪ್ಯಾರಿಸ್‌ನ ಯಹೂದಿ ಕುಟುಂಬವೊಂದರಲ್ಲಿ ಜನನ. ರಾಗದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಸಾಹಿತ್ಯಕ್ಕೆ ಮನ್ನಣೆ ನೀಡುವ ಫ್ರೆಂಚ್ ಹಾಡುಗಾರಿಕೆಯೇ ಶಾನ್ಸೋ. ಬಾರ್ಬರಾ ತಮ್ಮ ಹಾಡುಗಳನ್ನು ತಾವೇ ಬರೆದು, ಪಿಯಾನೊ ನುಡಿಸುತ್ತಾ ಹಾಡಿದವರು.

ನಾಜಿ ಆಕ್ರಮಣದ ವರ್ಷಗಳಲ್ಲಿ ಕುಟುಂಬವು ಊರಿಂದೂರಿಗೆ ತಲೆಮರೆಸಿಕೊಂಡು ಅಲೆಯಬೇಕಾಯಿತು. ಕೊನೆಗೆ ಆಶ್ರಯ ದೊರೆತದ್ದು ಆಗ್ನೇಯ ಫ್ರಾನ್ಸಿನ ಸಾಂ-ಮಾರ್ಸೆಲಾಂ ಎಂಬ ಸಣ್ಣ ಪಟ್ಟಣದಲ್ಲಿ. ಯುದ್ಧಾನಂತರ ಗಾಯನ ಕಲಿತ ಮೋನಿಕ್, ಅಜ್ಜಿ ವರ್ವಾರಾಳ ಹೆಸರಿನಿಂದ ರಂಗನಾಮ ಪಡೆದು 1950ರ ದಶಕದಲ್ಲಿ ಬ್ರಸೆಲ್ಸ್ ಹಾಗೂ ಪ್ಯಾರಿಸ್‌ನ ಕ್ಯಾಬರೆಗಳಲ್ಲಿ ಹಾಡತೊಡಗಿದರು. ಸೇನ್ ನದಿ ದಂಡೆಯ ‘ಲೆಕ್ಲೂಜ್’ನಲ್ಲಿ ಅವರಿಗೆ ‘ನಡುರಾತ್ರಿಯ ಗಾಯಕಿ’ ಎಂಬ ಹೆಸರೇ ಬಿತ್ತು. ಆಗ ಹಾಡುತ್ತಿದ್ದುದು ಹೆಚ್ಚಾಗಿ ಬ್ರಾಸೆನ್ಸ್, ಬ್ರೆಲ್ ಮುಂತಾದ ಇತರರ ಗೀತೆಗಳನ್ನು.

ಸ್ವಂತ ದನಿ ಗಟ್ಟಿಯಾದದ್ದು ತಂದೆಯ ಸಾವಿನ ನಂತರ. ಮನೆಬಿಟ್ಟು ಹೋಗಿ ಹತ್ತು ವರ್ಷವಾಗಿದ್ದ ತಂದೆ ನಾಂತ್ ನಗರದಲ್ಲಿ ಸಾವಿನಂಚಿನಲ್ಲಿದ್ದಾರೆಂಬ ಸುದ್ದಿ 1959ರ ಡಿಸೆಂಬರ್‌ನಲ್ಲಿ ಬಂತು. ಮಗಳು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಈ ಘಟನೆಯೇ ‘ನಾಂತ್’ ಗೀತೆಯ ವಸ್ತು. ಕ್ಷಮೆಯೋ ದೂರೋ ಎಂದು ಸ್ಪಷ್ಟವಾಗದ ಅದರ ತಣ್ಣನೆಯ ದುಃಖಕ್ಕೆ ಇನ್ನೊಂದು ಹಿನ್ನೆಲೆಯಿತ್ತೆಂಬುದು ಕೇಳುಗರಿಗೆ ತಿಳಿಯಲು ದಶಕಗಳೇ ಬೇಕಾದವು.

1964ರಲ್ಲಿ ಜರ್ಮನಿಯ ಗೋಟಿಂಗೆನ್ ನಗರದ ರಂಗಮಂದಿರವೊಂದರ ಯುವ ನಿರ್ದೇಶಕ ಹಾನ್ಸ್-ಗುಂಟರ್ ಕ್ಲೈನ್ ಅವರಿಂದ ಆಹ್ವಾನ ಬಂದಾಗ ಬಾರ್ಬರಾ ಹಿಂಜರಿದದ್ದು ಸಹಜವೇ. ಗ್ರಾಂಡ್ ಪಿಯಾನೊ ಬೇಕೆಂಬ ಷರತ್ತಿನ ಮೇಲೆ ಒಪ್ಪಿದರು. ಜುಲೈನಲ್ಲಿ ಅಲ್ಲಿಗೆ ಹೋಗಿ ನೋಡಿದರೆ ವೇದಿಕೆಯ ಮೇಲಿದ್ದುದು ಸಾಧಾರಣ ನೇರ ಪಿಯಾನೊ. ಅದರ ಹಿಂದೆ ಕುಳಿತರೆ ಸಭಿಕರ ಮುಖವೇ ಕಾಣದು. ಹಾಡುವುದಿಲ್ಲವೆಂದು ಬಾರ್ಬರಾ ಪಟ್ಟು ಹಿಡಿದರು. ಕೊನೆಗೆ ವಿದ್ಯಾರ್ಥಿಗಳ ತಂಡವೊಂದು ಊರಿನ ವೃದ್ಧೆಯೊಬ್ಬರ ಮನೆಯಿಂದ ಗ್ರಾಂಡ್ ಪಿಯಾನೊ ಹೊತ್ತು ತಂದಿತು. ತಡವಾಗಿ ಆರಂಭವಾದ ಕಛೇರಿಗೆ ಸಿಕ್ಕ ಪ್ರೀತಿ ಎಷ್ಟಿತ್ತೆಂದರೆ ಅವರು ಅಲ್ಲಿನ ವಾಸ್ತವ್ಯವನ್ನೇ ವಿಸ್ತರಿಸಿದರು. ಹೊರಡುವ ಮುನ್ನ ರಂಗಮಂದಿರದ ಪಕ್ಕದ ತೋಟದಲ್ಲಿ ಕುಳಿತು ‘ಗೋಟಿಂಗೆನ್’ ಬರೆದು, ಅಪೂರ್ಣವಾಗಿದ್ದ ಗೀತೆಯನ್ನು ಅಂದಿನ ರಾತ್ರಿಯೇ ಅರ್ಧ ಓದಿ ಅರ್ಧ ಹಾಡಿದರು. ರಾಜಕೀಯದ ಸೊಲ್ಲಿಲ್ಲದೆ ಗುಲಾಬಿ, ಮಕ್ಕಳು, ಬಾಲ್ಯದ ಕಥೆಗಳ ಸುತ್ತ ಸಾಗುವ ಹಾಡು ಅದು. ಗ್ರಿಮ್ ಸೋದರರು ಪ್ರಾಧ್ಯಾಪಕರಾಗಿದ್ದ ಊರೂ ಇದೇ ತಾನೆ! ಮುಂದೆ ಅದರ ಜರ್ಮನ್ ಆವೃತ್ತಿಯೂ ಬಂತು. ಎರಡೂ ದೇಶಗಳ ಮೈತ್ರಿ ಒಪ್ಪಂದಕ್ಕೆ 40 ವರ್ಷ ತುಂಬಿದ 2003ರಲ್ಲಿ, ಹಿಂದೆ ಗೋಟಿಂಗೆನ್‌ನಲ್ಲೇ ಕಾನೂನು ಓದಿದ್ದ ಜರ್ಮನ್ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ವರ್ಸೇಲ್ಸ್‌ನ ಭಾಷಣದಲ್ಲಿ ಈ ಹಾಡನ್ನು ಉಲ್ಲೇಖಿಸಿದರು.

1970ರ ‘ಕಪ್ಪು ಹದ್ದು’ (ಲೆಗ್ಲ್ ನ್ವಾರ್) ಬಾರ್ಬರಾ ಅವರಿಗೆ ಅತಿ ಹೆಚ್ಚಿನ ಜನಪ್ರಿಯತೆ ತಂದ ಗೀತೆ. ಜಾಕ್ ಬ್ರೆಲ್ ನಿರ್ದೇಶನದ ‘ಫ್ರಾಂಜ್’ ಚಿತ್ರದಲ್ಲಿ ನಟಿಸಿದರು. 1986ರಲ್ಲಿ ಜೆರಾರ್ ದೆಪಾರ್ದ್ಯೂ ಜೊತೆ ‘ಲಿಲಿ ಪ್ಯಾಶನ್’ ಎಂಬ ಸಂಗೀತ ನಾಟಕ ಪ್ರದರ್ಶಿಸಿದರು. ಏಡ್ಸ್ ಎಂದರೆ ಜನ ಬೆಚ್ಚಿ ದೂರ ಸರಿಯುತ್ತಿದ್ದ ಕಾಲದಲ್ಲಿ ಆ ರೋಗದ ಕುರಿತೇ ಹಾಡು ಬರೆದದ್ದಲ್ಲದೆ, ರೋಗಿಗಳ ಪರವಾಗಿ ದುಡಿದರು, ಕಾರಾಗೃಹಗಳಲ್ಲೂ ಹಾಡಿದರು.

1997ರ ನವೆಂಬರ್ 24ರಂದು ಬಾರ್ಬರಾ ನಿಧನರಾದರು. ಮರುವರ್ಷ ಪ್ರಕಟವಾದ ಅಪೂರ್ಣ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ತಂದೆಯಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ಅವರು ದಾಖಲಿಸಿದ್ದರು. ಆ ಬಳಿಕ ‘ಕಪ್ಪು ಹದ್ದು’ ಗೀತೆಗೆ ಹಲವರು ಹೊಸ ಅರ್ಥ ಹಚ್ಚಿದರು. ಕವಿಯೇ ಹೇಳದ ಅರ್ಥವನ್ನು ಖಚಿತವೆಂದು ನಂಬಬೇಕಿಲ್ಲ. ಆದರೆ ‘ನಾಂತ್’ ಈಗ ಮೊದಲಿನಂತೆ ಕೇಳಿಸದು.

ಆ ಗೀತೆಯಲ್ಲಿ ತಂದೆ ಕೊನೆಯುಸಿರೆಳೆಯುವ ಬೀದಿಯ ಹೆಸರು ‘ಗ್ರಾಂಜ್-ಓ-ಲೂ’. ಅದು ಕೇವಲ ಕಲ್ಪನೆ. ನಾಂತ್‌ನಲ್ಲಿ ಅಂಥ ಬೀದಿ ಇರಲಿಲ್ಲ. 1986ರಲ್ಲಿ ನಗರಾಡಳಿತ ಒಂದು ಬೀದಿಗೆ ಆ ಹೆಸರನ್ನಿಟ್ಟಿತು. ಉದ್ಘಾಟನೆಗೆ ಬಾರ್ಬರಾ ಅವರೇ ಬಂದಿದ್ದರು.