ಫೈಲು ಯಾಕ ಇಷ್ಟು ಸಾವಕಾಶ ಹೋಗ್ತದ?

ಅಕ್ಕಾರ, ವೈನ್ಯಾರ, ಈ ಸರ್ತಿ ಅಡಗಿ ಬಿಟ್ಟು ವೈರಿನ ಇತಿಹಾಸ ಬರೀಲಿಕ್ಕತ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇದೂ ಮನೀ ಕೆಲಸಾನಽ. ಮದುವಿ ಫೋಟೋ, ಮುಂಜವಿ ವಿಡಿಯೋ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕ ಹಾಕಬೇಕಂದ್ರ ತಾಸುಗಟ್ಟಲೆ ಕಾಯಬೇಕಾಗ್ತದ. ಆಗ ಎಲ್ಲಾರೂ ಹೇಳೂ ಮಾತು ಒಂದಽ: "ಇಂಟರ್‌ನೆಟ್ ಪ್ಲ್ಯಾನು ದೊಡ್ಡದು ತಗೋರಿ." ಆದ್ರ ಈ ಖೋಲಿಯಿಂದ ಆ ಖೋಲಿಗೆ ಹೋಗೂ ಫೈಲು ಮನೀ ಹೊಚ್ಚಲಾ ದಾಟೂದಽ ಇಲ್ಲ. ಹಿತ್ತಲ ಬಾವಿ ನೀರು ಅಡಗಿಮನಿಗೆ ತರಲಿಕ್ಕೆ ನಳದ ಬಿಲ್ಲು ಹೆಚ್ಚು ಕಟ್ಟಿದಂಗ ಆತು ಅದು. ಸಾವಕಾಶ ಯಾಕ ಅಂತ ತಿಳೀಬೇಕಂದ್ರ ಐವತ್ತು ವರ್ಷ ಹಿಂದಕ್ಕ ಹೋಗಬೇಕು.

1971ರಾಗ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಬ್ಯಾರೆ ಬ್ಯಾರೆ ದ್ವೀಪಗಳನ್ನ ರೇಡಿಯೋ ಮೂಲಕ ಕಂಪ್ಯೂಟರಿಗೆ ಜೋಡಿಸಿದರು. ಅದರ ಹೆಸರು ಅಲೋಹಾನೆಟ್. ಎಲ್ಲಾರಿಗೂ ಗಾಳಿಯೊಳಗ ಒಂದಽ ದಾರಿ. ಇಬ್ಬರು ಒಮ್ಮೆಲೆ ಮಾತಾಡಿದರ ಎರಡೂ ಮಾತು ಕಲಸಿ ಹೋಗ್ತಿದ್ದವು. ಆಮ್ಯಾಲೆ ಇಬ್ಬರೂ ಸ್ವಲ್ಪ ತಡದು ಮತ್ತ ಹೇಳಬೇಕು. ಲಗ್ನದ ಮನಿ ಪಡಸಾಲಿಯೊಳಗ ನಮ್ಮ ಮಾತುಕತಿ ನಡದಂಗ!

ಇದನ್ನ ಓದಿಕೊಂಡ ಬಾಬ್ ಮೆಟ್‌ಕಾಫ್ ಅನ್ನೋರು 1973ರಾಗ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿ ಸಂಶೋಧನಾ ಕೇಂದ್ರದಾಗ ಅದಽ ಪದ್ಧತಿಯನ್ನ ಒಂದು ದಪ್ಪ ವೈರಿನೊಳಗ ತಂದರು. ಡೇವಿಡ್ ಬಾಗ್ಸ್ ಅವರ ಜೋಡಿ ಇದ್ದರು. ಅದಽ ಈಥರ್‌ನೆಟ್. ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಾಗ ಮೂರು ಕಂಪನಿ ಕೂಡಿ 10 ಮೆಗಾಬಿಟ್ಟಿಗೆ ಒಂದು ನಿಯಮ ಮಾಡಿದವು. ಇಲ್ಲೊಂದು ಲೆಕ್ಕ ನೆನಪಿಡ್ರಿ. ವೈರಿನ ವೇಗ ಬಿಟ್ಟಿನಾಗ ಹೇಳ್ತಾರ, ಫೋಟೋದ ಗಾತ್ರ ಬೈಟಿನಾಗ ಇರ್ತದ. ಎಂಟು ಬಿಟ್ಟಿಗೆ ಒಂದು ಬೈಟು. ಅಂದ್ರ 100 ಮೆಗಾಬಿಟ್ ವೈರಿನಾಗ ಸೆಕೆಂಡಿಗೆ ಹೆಚ್ಚಂದ್ರ 12 ಎಂಬಿ, ನಮ್ಮ ಕೈಗೆ ಹತ್ತೂದು 11ರ ಆಸುಪಾಸು.

1990ರಾಗ ದಪ್ಪ ವೈರು ಹೋಗಿ ಟೆಲಿಫೋನಿನಂಥ ಸಣ್ಣ, ಹೆಣೆದ ತಂತಿ ನಿಯಮದೊಳಗ ಬಂತು. ಅದಽ ಸುಮಾರಿಗೆ ಅಮೇರಿಕಾದಾಗ ಕಲ್ಪನಾ ಅನ್ನೋ ಕಂಪನಿ ಮೊದಲನೇ ಈಥರ್‌ನೆಟ್ ಸ್ವಿಚ್ಚು ತಂತು. ವಿನೋದ್ ಭಾರದ್ವಾಜ್ ಅನ್ನೋ ಭಾರತೀಯ ಮೂಲದವರು ಲ್ಯಾರಿ ಬ್ಲೇರ್ ಅನ್ನೋರ ಜೋಡಿ ಕಟ್ಟಿದ ಕಂಪನಿ ಅದು. ಹೆಸರು ಭಾರದ್ವಾಜರ ಹೆಂಡತೀದು! ಸ್ವಿಚ್ಚು ಬಂದಮ್ಯಾಲೆ ಎಲ್ಲಾರೂ ಒಂದಽ ದಾರಿಯೊಳಗ ಗದ್ದಲ ಮಾಡೂದು ತಪ್ಪಿತು. ಯಾರ ಮಾತು ಯಾರಿಗೆ ಅದನೋ ಅವರ ಬಾಗಲಿಗಷ್ಟಽ ಮುಟ್ಟಿತು.

1995ರಾಗ 100 ಮೆಗಾಬಿಟ್, 1999ರಾಗ ತಾಮ್ರದ ವೈರಿನಾಗಽ 1000 ಮೆಗಾಬಿಟ್. ವೈರಿನೊಳಗ ಎಂಟು ಎಳಿ ಇರ್ತಾವ. ನೂರರ ವೇಗಕ್ಕ ನಾಲ್ಕು ಎಳಿ ಸಾಕು, ಸಾವಿರಕ್ಕ ಎಂಟೂ ಬೇಕು.

ಆಮ್ಯಾಲೆ ವೈಫೈ. 1997ರಾಗ 2 ಮೆಗಾಬಿಟ್, 1999ರಾಗ 11, 2003ರಾಗ 54. ವೈರು ತಪ್ಪಿತು ಖರೆ, ಆದ್ರ ಕತಿ ತಿರುಗಿ ಹವಾಯಿಗೆ ಬಂತು! ಗಾಳಿಯೊಳಗ ಒಬ್ಬರು ಮಾತಾಡಿದರ ಉಳದವರು ಸುಮ್ಮನಿರಬೇಕು. ಕಳಸೂ ಕಂಪ್ಯೂಟರೂ ವೈಫೈ, ತಗೊಳ್ಳೂದೂ ವೈಫೈ ಅಂದ್ರ ಒಂದಽ ಫೋಟೋ ಗಾಳಿಯೊಳಗ ಎರಡು ಸರ್ತಿ ಹೋಗಬೇಕು: ಮೊದಲ ಡಬ್ಬಿಗೆ, ಅಲ್ಲಿಂದ ಆಚಿಕಡೆ. ವೇಗ ಅರ್ಧಾ ಆತು. ಮತ್ತ ಹಳೇ 2.4 ಗಿಗಾಹರ್ಟ್ಸ್ ವೈಫೈ ಇರೂ ಜಾಗಾದಾಗಽ ಮೈಕ್ರೋವೇವ್ ಒಲಿನೂ ಕೆಲಸ ಮಾಡ್ತದ.

ಈಗ ಮುಖ್ಯ ಮಾತು. ಈ ಸಾಮಾನು ಮಾಡಿದವರು ಒಂದು ಮರ್ಯಾದಿ ಇಟಗೊಂಡು ಬಂದಾರ: ಹೊಸಾದು ಹಳೇದರ ಜೋಡಿ ಮಾತಾಡಬೇಕು. ವೈರಿನ ಎರಡೂ ತುದಿ ಮೊದಲ ವಿಚಾರಸ್ಕೊಂಡು, ಇಬ್ಬರಿಗೂ ಬರೂ ವೇಗಕ್ಕ ಒಪ್ಪತಾವ. ಅದಕ್ಕಽ ಏನೂ ಕೆಡೂದಿಲ್ಲ, ಬರೇ ಸಾವಕಾಶ ಆಗ್ತದ, ಯಾರಿಗೂ ಗೊತ್ತಽ ಆಗೂದಿಲ್ಲ. ಎಲ್ಲಮ್ಮನ ಗುಡ್ಡಕ್ಕ ಮನಿಮಂದಿ ಎಲ್ಲಾ ಕೂಡಿ ನಡದು ಹೊಂಟ್ರ ಅಜ್ಜಿ ಹೆಜ್ಜಿಗೆ ಎಲ್ಲಾರೂ ನಡದಂಗ. 1995ರ ಡಬ್ಬಿ, 2000ದ ಯುಎಸ್‌ಬಿ, ಹೊಸಾ ಲ್ಯಾಪ್‌ಟಾಪು, ಎಲ್ಲಾ ಕಾಲದವೂ ಒಂದಽ ಮನ್ಯಾಗ ಅವ.

ನಮ್ಮ ಮನ್ಯಾಗ ಅಟ್ಟದ ಮ್ಯಾಲಿನ ಹಳೇ ಕಂಪ್ಯೂಟರಿನಾಗ 100 ಜಿಬಿ ಇತ್ತು. ಕ್ಯಾಸೆಟ್ಟಿನಿಂದ ಇಳಿಸಿದ ನಮ್ಮ ಅತ್ತಿಯವರ ಆರತಿ ಹಾಡು ಅದರಾಗಽ. ಅವರು ಈಗಿಲ್ಲ, ಕ್ಯಾಸೆಟ್ಟೂ ಬೂಸಲು ಹಿಡದು ಹೋಗ್ಯಾವ. ಡಿಸ್ಕು ಟಕ್ ಟಕ್ ಅನಲಿಕ್ಕೆ ಹತ್ತಿತ್ತು. ಹಳೇ 54ರ ವೈಫೈಯೊಳಗ ಲೆಕ್ಕಾ ಹಾಕಿದರ 11 ತಾಸು, ನಡುವ ಕರೆಂಟು ಹೋದ್ರ ಏನು ಗತಿ? ವೈರು ಹಚ್ಚಿದ್ವಿ, ಸೆಕೆಂಡಿಗೆ 11 ಎಂಬಿ ತೋರಿಸ್ತು, ಅಂದ್ರ ಎರಡೂವರಿ ತಾಸು. ಆ 11 ಕಂಡಕೂಡಲೆ ತಿಳೀತು, ನಡುವ ಎಲ್ಲೋ 1995ರ ಅಜ್ಜಿ ಕೂತಾಳ ಅಂತ. ಇಂಟರ್‌ನೆಟ್ಟಿನವರು ಕೊಟ್ಟ ಡಬ್ಬಿಯ ತೂತು ನೂರರವು. ಸಣ್ಣದೊಂದು ಗಿಗಾಬಿಟ್ ಸ್ವಿಚ್ಚು ತಂದು ಎರಡೂ ಕಂಪ್ಯೂಟರಿಗೆ ಹಚ್ಚಿದ್ವಿ. ಮುಕ್ಕಾಲು ತಾಸಿನಾಗ ಮುಗೀತು. ಇನ್ನೂ ಲಗೂ ಹೋಗಲಿಕ್ಕೆ ಆ ಮುದಿ ಡಿಸ್ಕಿಗೆ ಶಕ್ತಿ ಇರಲಿಲ್ಲ.

ನೀವೂ ಹಿಂಗ ನೋಡ್ರಿ. ಮೊದಲ ಒಂದು ದೊಡ್ಡ ವಿಡಿಯೋ ಕಳಿಸಿ ವೇಗ ಬರಕೋರಿ. ಫೋಟೋ ಬ್ಯಾಡ, ಸಾವಿರ ಸಣ್ಣ ಫೈಲು ಇದ್ರ ಒಂದೊಂದನ್ನೂ ತಗದು ಮುಚ್ಚೂದರಾಗಽ ಹೊತ್ತು ಹೋಗ್ತದ. 2-3 ಎಂಬಿ ಬಂದ್ರ ವೈಫೈ ಹಳೇದು ಅಥವಾ ದೂರ: ಡಬ್ಬಿ ಹತ್ತಿರ ಕೂಡ್ರಿ, 5 ಗಿಗಾಹರ್ಟ್ಸ್ ಹೆಸರು ಆರಸ್ರಿ, ಒಂದು ಕಡೆಯರೆ ವೈರು ಹಚ್ಚರಿ. 11ರ ಹತ್ತಿರ ನಿಂತ್ರ ಡಬ್ಬಿ ನೂರರದು, ಇಲ್ಲಾ ವೈರಿನ ಎಂಟರಾಗ ಒಂದು ಎಳಿ ಕಡದದ. ವೈರಿನ ಮ್ಯಾಲೆ ಕ್ಯಾಟ್ 5ಇ ಅಥವಾ 6 ಅಂತ ಬರದಿದ್ರ ಛಲೋ. 30ರ ಸುತ್ತಮುತ್ತ ನಿಂತ್ರ, ಹೊರಗ ಹಚ್ಚಿದ ಡಿಸ್ಕು ಯುಎಸ್‌ಬಿ 2ರ ತೂತಿನಾಗ ಅದನೋ ನೋಡ್ರಿ. ನೀಲಿ ಬಣ್ಣದ ತೂತು ಇದ್ರ ಅದಕ್ಕ ಹಚ್ಚರಿ. 110ರ ಹತ್ತಿರ ಬಂತಂದ್ರ ಕೈಮುಗದು ಬಿಟ್ಟಬಿಡ್ರಿ, ಗಿಗಾಬಿಟ್ ವೈರು ಕೊಡೂದಽ ಅಷ್ಟು.

ಒಮ್ಮೆಗೆ ಒಂದಽ ಬದಲು ಮಾಡ್ರಿ, ಮತ್ತ ಅಳೀರಿ. ಎಲ್ಲಾ ಹೊಸಾದು ಕೊಳ್ಳೂದೇನು ಬ್ಯಾಡ, ಅಜ್ಜಿ ಯಾವಾಕಿ ಅಂತ ಗೊತ್ತಾದ್ರ ಸಾಕು.