ಕುದುರೆಮರಿ ಇದ್ದ ಮನೆ

ಡಿ.ವಿ.ಜಿ.ಯವರ ಕಗ್ಗದಲ್ಲಿ ಜಟಕಾ ಬಂಡಿಯ ಪದ್ಯ ಬಂದಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಎದ್ದು ನಿಂತು, "ಮಿಸ್, ಜಟಕಾ ಅಂದ್ರೆ ಏನು?" ಎಂದು ಕೇಳುತ್ತಾರೆ. 1943ರಲ್ಲಿ ಆ ಪುಸ್ತಕ ಅಚ್ಚಾದಾಗ ಈ ಪ್ರಶ್ನೆಯನ್ನು ಕೇಳುವ ಮಗು ಮೈಸೂರು ಸೀಮೆಯಲ್ಲಿ ಸಿಗುತ್ತಿರಲಿಲ್ಲವೇನೋ. ನಾನು ಬೋರ್ಡಿನ ಮೇಲೆ ಎರಡು ಚಕ್ರ, ಕಮಾನಿನಂಥ ಮುಚ್ಚಿಗೆ, ಮುಂದಕ್ಕೆ ಚಾಚಿದ ಎರಡು ಮರದ ಮೂಕಿ ಬರೆಯುತ್ತೇನೆ. ಅಲ್ಲಿಯವರೆಗೆ ಸರಿ. ಆಮೇಲೆ ಕುದುರೆ ಬರೆಯಲು ಹೋದರೆ ಅದು ನಾಯಿಯಾಗುತ್ತದೆ. ಮಕ್ಕಳು ನಗುತ್ತಾರೆ, ಗಂಟೆ ಹೊಡೆಯುತ್ತದೆ. ಜಟಕಾ ಹೊಡೆಯುವವರ ಮಗಳಾಗಿ ನನಗೆ ಕುದುರೆ ಬರೆಯಲು ಬಾರದಿರುವುದು ನಾಚಿಕೆಯ ವಿಷಯವೇ ಸರಿ.

ನಮ್ಮದು ಶ್ರೀರಂಗಪಟ್ಟಣದ ಗಂಜಾಂ. ಬೆಳಗಿನ ರೈಲಿನ ಹೊತ್ತಿಗೆ ಅಪ್ಪ ಸ್ಟೇಷನ್ನಿನ ಮುಂದೆ ಬಂಡಿ ನಿಲ್ಲಿಸುತ್ತಿದ್ದರು. ರಂಗನಾಥಸ್ವಾಮಿಯ ದರ್ಶನಕ್ಕೆ ಬಂದವರು, ದರಿಯಾ ದೌಲತ್ತು ಮತ್ತು ಗುಂಬಜ್ ನೋಡುವವರು, ಕಾವೇರಿಯ ಸಂಗಮಕ್ಕೆ ಅಸ್ಥಿ ಬಿಡಲು ಹೋಗುವವರು, ಇವರೇ ಗಿರಾಕಿಗಳು. ಅಸ್ಥಿಯ ಮಡಕೆ ಹಿಡಿದು ಬಂದವರ ಹತ್ತಿರ ಅಪ್ಪ ಚೌಕಾಸಿ ಮಾಡುತ್ತಿರಲಿಲ್ಲ, ಕೊಟ್ಟಷ್ಟನ್ನು ಇಸಿದುಕೊಳ್ಳುತ್ತಿದ್ದರು.

ಬಂಡಿಯ ಕೆಲಸ ಅಪ್ಪನದು, ಕುದುರೆಯ ಕೆಲಸ ಅವ್ವನದು. ರಾತ್ರಿ ಹುರುಳಿ ನೆನೆಹಾಕುವುದು, ನಸುಕಿನಲ್ಲಿ ಬೇಯಿಸುವುದು, ಬೂಸಾ ಬೆರೆಸಿ ಹರಳುಪ್ಪು ಹಾಕಿ ಇಡುವುದು, ಲದ್ದಿ ಬಾಚುವುದು, ಕಾಲುವೆಯ ಏರಿಯ ಮೇಲಿಂದ ಗರಿಕೆ ಕಿತ್ತು ತರುವುದು. ಹುರುಳಿ ಬಸಿದ ಕಟ್ಟಿನಿಂದ ನಮಗೆ ಸಾರು, ಕಾಳೆಲ್ಲ ಕುದುರೆಗೆ. ನೆಂಟರು ಬಂದಾಗ ಮಾತ್ರ ಒಂದು ಹಿಡಿ ಕಾಳು ನಮ್ಮ ಕಡೆಗೂ ತಿರುಗುತ್ತಿತ್ತು. ಊರಿನವರು ಅಪ್ಪನನ್ನು 'ಕುದುರೆಯವರು' ಎಂದು ಕರೆಯುತ್ತಿದ್ದರು. ಅವ್ವನನ್ನು ಯಾರೂ ಹಾಗೆ ಕರೆದದ್ದು ನನಗೆ ನೆನಪಿಲ್ಲ.

1980ರಲ್ಲಿ ನಮ್ಮ ಹಳೆಯ ಕುದುರೆ ಸತ್ತುಹೋಯಿತು. ಸಾಲ ಮಾಡಿ ಅಪ್ಪ ಒಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ತಂದರು. ಅಗ್ಗಕ್ಕೆ ಸಿಕ್ಕಿತ್ತು, ಏಕೆಂದರೆ ಅದಕ್ಕೆ ಕೆಟ್ಟ ಸುಳಿ ಇತ್ತಂತೆ. ಹೆಣ್ಣು ನೋಡಲು ಹೋದಾಗ ಹೇಗೋ, ಕುದುರೆ ಕೊಳ್ಳುವಾಗಲೂ ನಮ್ಮ ಕಡೆ ಹಾಗೆಯೇ ಸುಳಿ ನೋಡುತ್ತಾರೆ. ಅವ್ವ ಅದರ ಸುತ್ತ ಒಂದು ಸುತ್ತು ಬಂದು, "ಸುಳಿ ಎಲ್ಲಿದ್ದರೂ ಬಂಡಿ ಎಳೀತದಲ್ಲ" ಎಂದು ಹೇಳಿ ಅದಕ್ಕೆ ರಾಣಿ ಎಂದು ಹೆಸರಿಟ್ಟಳು. ನಾಲ್ಕು ತಿಂಗಳು ಕಳೆದ ಮೇಲೆ, ಮೈ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ, "ಇದು ಗಬ್ಬ" ಎಂದಳು.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಕುದುರೆಯ ಗರ್ಭ ಹನ್ನೊಂದು ತಿಂಗಳು. ದಿನ ತುಂಬುತ್ತ ಬಂದ ಕುದುರೆಯನ್ನು ಬಂಡಿಗೆ ಕಟ್ಟುವಂತಿಲ್ಲ. ಈದ ಮೇಲೂ ಒಂದೆರಡು ತಿಂಗಳು ದುಡಿಮೆಯಿಲ್ಲ. ಮರಿಯಾದರೋ ಮೂರು ವರ್ಷ ತುಂಬುವವರೆಗೆ ಮೂಕಿಗೆ ಹೆಗಲು ಕೊಡಲಾರದು. "ಮೂರು ವರ್ಷ ಕೂತು ತಿನ್ನೋ ಹೊಟ್ಟೆಗೆ ಯಾರು ತಂದು ಹಾಕ್ತಾರೆ? ಯಾರಿಗಾದರೂ ಕೊಟ್ಟುಬಿಡೋಣ" ಎಂದರು ಅಪ್ಪ. ಅವ್ವ ಒಲೆಯ ಮುಂದಿನಿಂದ ಏಳದೆಯೇ, "ನಿಮ್ಮ ಮಗಳು ಹನ್ನೊಂದು ವರ್ಷದಿಂದ ಕೂತು ತಿಂತಾವಳೆ, ಅವಳನ್ನೂ ಕೊಟ್ಟುಬಿಡಿ" ಎಂದಳು. ಆ ಮಾತು ಅಲ್ಲಿಗೆ ನಿಂತಿತು. ನಾನಂತೂ ಒಂದು ವಾರ ಹೆದರಿಕೊಂಡೇ ಊಟ ಮಾಡಿದೆ.

ಮುಂದೆ ಬಿ.ಎ.ಯಲ್ಲಿ ಚರಿತ್ರೆ ಓದುವಾಗ ಒಂದು ವಿಷಯ ಹೊಳೆಯಿತು. ಅಪ್ಪ ಹಾಕಿದ ಲೆಕ್ಕವನ್ನೇ ದಕ್ಷಿಣದ ದೊಡ್ಡ ದೊಡ್ಡ ರಾಜರೂ ಹಾಕಿದ್ದರು. ನಮ್ಮ ರಾಜರು ಕುದುರೆಗಳನ್ನು ಕೊಂಡರು, ಬೆಳೆಸಿದ್ದು ಕಡಿಮೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಪಾಂಡ್ಯರ ಸೀಮೆಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ಪ್ರತಿ ವರ್ಷ ಸಾವಿರಾರು ಕುದುರೆಗಳು ಹಡಗಿನಲ್ಲಿ ಬಂದಿಳಿಯುತ್ತವೆ, ಆರೈಕೆ ತಿಳಿಯದೆ ಬಹುಪಾಲು ಸತ್ತುಹೋಗುತ್ತವೆ ಎಂದು ಬರೆದಿದ್ದಾನೆ. ಕುದುರೆಗೆ ಅನ್ನ ಮತ್ತು ಮಾಂಸ ಬೇಯಿಸಿ ತಿನ್ನಿಸುತ್ತಾರಂತೆ! ಕುದುರೆ ವೈದ್ಯರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಾರಂತೆ, ಕುದುರೆ ಸತ್ತರಲ್ಲವೇ ಮುಂದಿನ ವರ್ಷದ ವ್ಯಾಪಾರ. ಎಂಥ ಒಳ್ಳೆಯ ಗಂಡು ಹೆಣ್ಣು ಕುದುರೆಗಳನ್ನು ಕೂಡಿಸಿದರೂ ಆ ನಾಡಿನಲ್ಲಿ ಹುಟ್ಟುವುದು ಸೊಟ್ಟ ಕಾಲಿನ ಬಡಕಲು ಮರಿ ಎಂಬುದೂ ಅವನ ಮಾತೇ.

ವಿಜಯನಗರದ ಕಾಲಕ್ಕೆ ಬಂದರೂ ಕಥೆ ಬದಲಾಗಲಿಲ್ಲ. ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನು ತಾನೇ ಕುದುರೆ ವ್ಯಾಪಾರಿ. ಕೃಷ್ಣದೇವರಾಯನು ಪ್ರತಿ ವರ್ಷ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಅವನು ಬರೆದಿದ್ದಾನೆ. ವ್ಯಾಪಾರಿಗಳ ಲೆಕ್ಕ ಸ್ವಲ್ಪ ಉಬ್ಬಿರಬಹುದು, ಆದರೂ ಸಣ್ಣ ಲೆಕ್ಕವಲ್ಲ. ಅದಕ್ಕೂ ಹಿಂದೆ ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ಬೆಲೆಯೇ ಸಿಗುತ್ತಿತ್ತು. ಬಾಲಕ್ಕೆ ಹಣ ಕೊಡುವಷ್ಟು ಸಿರಿವಂತ ಅರಸರಿಗೆ, ಮೂರು ವರ್ಷ ಮರಿಗೆ ಮೇವು ಹಾಕುವ ತಾಳ್ಮೆ ಇರಲಿಲ್ಲವೇ ಎಂದು ನನಗೆ ಅನ್ನಿಸುತ್ತದೆ. ಹವೆ, ಹುಲ್ಲು ಎಲ್ಲವೂ ಕಾರಣವಿರಬಹುದು. ಯುದ್ಧ ಮೂರು ವರ್ಷ ಕಾಯುವುದಿಲ್ಲ ಎಂಬುದೂ ನಿಜ. ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನಾನು ಮಹಾನವಮಿ ದಿಬ್ಬದ ಕಲ್ಲುಗಳನ್ನು ಒಂದೊಂದಾಗಿ ನೋಡುತ್ತೇನೆ. ಪರದೇಶದ ವ್ಯಾಪಾರಿಗಳು ಕುದುರೆ ಹಿಡಿದು ತರುತ್ತಿದ್ದಾರೆ. ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಸಾಲಾಗಿ ಕುದುರೆಗಳು ಮೆರವಣಿಗೆ ಹೊರಟಿವೆ. ತಾಯಿಯ ಪಕ್ಕದಲ್ಲಿ ನಿಂತ ಒಂದು ಮರಿ ಮಾತ್ರ ನನ್ನ ಕಣ್ಣಿಗೆ ಈವರೆಗೆ ಬಿದ್ದಿಲ್ಲ.

ಮರಿಗೆ ಮೇವು ಹಾಕುವ ಯೋಚನೆ ಮಾಡಿದವರಲ್ಲಿ ನಮ್ಮ ಪಟ್ಟಣದ ಟಿಪ್ಪು ಸುಲ್ತಾನ್ ಒಬ್ಬ. ಕುಣಿಗಲ್ಲಿನಲ್ಲಿ ತನ್ನ ಸೈನ್ಯಕ್ಕಾಗಿ ಅವನು ಆರಂಭಿಸಿದ ಕುದುರೆ ಫಾರಂ ಅವನು 1799ರಲ್ಲಿ ಬಿದ್ದ ಮೇಲೂ ಉಳಿಯಿತು, ಬಹಳ ಕಾಲದ ನಂತರ ರೇಸಿನ ಕುದುರೆಗಳಿಗೆ ಹೆಸರಾಯಿತು. ಆದರೆ ಅದು ಸರ್ಕಾರದ ಕೆಲಸ. ಮನೆಯ ಮಾತಿಗೆ ಹತ್ತಿರವಾದವರು ಸಿಲ್ಲೇದಾರರು. ಸ್ವಂತ ಕುದುರೆಯನ್ನೇ ತಂದು ಸೈನ್ಯ ಸೇರುವ ಸವಾರನಿಗೆ ಸಿಲ್ಲೇದಾರನೆಂದು ಹೆಸರು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ನಾಲ್ಕು ಸಾವಿರ ಕುದುರೆಯ ದಳವನ್ನು ಇಟ್ಟುಕೊಳ್ಳಬೇಕಾಯಿತು, ಆ ದಳ ಇಂಥವರದು. ಎಂದರೆ ಎಷ್ಟು ಸಂಸಾರಗಳ ಹಿತ್ತಿಲಲ್ಲಿ ಕುದುರೆ ಕಟ್ಟಿತ್ತು, ಯೋಚಿಸಿ. ಗಂಡ ಮನೆಯಲ್ಲಿದ್ದಾಗ ಆ ಕುದುರೆಗೆ ಹುರುಳಿ ಬೇಯಿಸಿದವರು ಯಾರು? ಕುದುರೆ ಸತ್ತರೆ ಅವರ ಅನ್ನವೂ ಹೋದಂತೆಯೇ. ನಮ್ಮ ಮನೆಯ ಸ್ಥಿತಿಯೂ ಅದೇ ಆಗಿತ್ತು. ದಳದ ಸಂಖ್ಯೆ ಪುಸ್ತಕದಲ್ಲಿದೆ, ಹುರುಳಿಯ ಸುದ್ದಿ ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರೆಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇನೆ. ಆ ದಳಗಳ ನೆನಪಿಗೆ ದೆಹಲಿಯಲ್ಲಿ ನಿಲ್ಲಿಸಿರುವ ತೀನ್ ಮೂರ್ತಿಯಲ್ಲಿ ಮೂವರು ಸೈನಿಕರಿದ್ದಾರೆ, ಕುದುರೆ ಒಂದೂ ಇಲ್ಲ.

ನಮ್ಮ ರಾಣಿ ಈದದ್ದು 1981ರ ಮಾಘ ಮಾಸದ ಒಂದು ರಾತ್ರಿ. ಕುದುರೆಗಳು ಯಾರೂ ಇಲ್ಲದ ಹೊತ್ತು ನೋಡಿ ಈಯುತ್ತವೆಂದು ಅವ್ವನಿಗೆ ಯಾರೋ ಹೇಳಿದ್ದರು. ಅವಳು ಮೂರು ರಾತ್ರಿ ಹಿತ್ತಿಲ ಬಾಗಿಲ ಸಂದಿಯಿಂದ ನೋಡುತ್ತ ಕುಳಿತಿದ್ದಳು. ನನ್ನನ್ನು ಎಬ್ಬಿಸಿದಾಗ ಮರಿ ಆಗಲೇ ನೆಲದ ಮೇಲಿತ್ತು. ಲಾಟೀನಿನ ಬೆಳಕಿನಲ್ಲಿ ನೋಡಿದರೆ, ಮೈಗಿಂತ ಕಾಲೇ ಹೆಚ್ಚು. ಗೊರಸಿನ ತುದಿಗೆ ಎಳೆಯ ಅಣಬೆಯಂಥ ಮೆತ್ತನೆಯ ತೊಗಲಿನ ಎಳೆಗಳು. "ತಾಯಿ ಹೊಟ್ಟೆ ಗೀರಬಾರದು ಅಂತ ದೇವರು ಹಾಗೆ ಮಾಡಿ ಕಳಿಸವ್ನೆ" ಎಂದಳು ಅವ್ವ. ಒಂದು ಗಂಟೆಯೊಳಗೆ ನಾಲ್ಕು ಸಲ ಎದ್ದು ನಾಲ್ಕು ಸಲ ಬಿದ್ದು, ಐದನೆಯ ಸಲ ನಿಂತು, ತಾಯಿಯ ಮುಂಗಾಲಿನ ಸಂದಿಯಲ್ಲೆಲ್ಲ ಕೆಚ್ಚಲು ಹುಡುಕಿತು. ಅವ್ವ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬಾಯಿಗೆ ಇಟ್ಟಳು. ಗಿಣ್ಣುಹಾಲು ಹೊಟ್ಟೆಗೆ ಬಿದ್ದ ಮೇಲೆಯೇ ಅವಳು ಮುಖ ತೊಳೆದದ್ದು. ಮರಿಯ ಹಿಂಗಾಲುಗಳು ಸೊಟ್ಟಗಿದ್ದವು. ವಾರ ಕಳೆಯುವಷ್ಟರಲ್ಲಿ ತಾವಾಗಿಯೇ ನೆಟ್ಟಗಾದವು. ಮಾರ್ಕೊ ಪೋಲೊ ಮೊದಲ ದಿನವೇ ನೋಡಿ ಹೊರಟುಬಿಟ್ಟಿರಬೇಕು.

ಹಣೆಯ ಮೇಲೆ ಬಿಳಿಯ ಬೊಟ್ಟು, ಉಳಿದದ್ದೆಲ್ಲ ಕಂದು. ಚೆಲುವ ಎಂದು ಕರೆದೆವು. ಓಣಿಯ ಹೆಂಗಸರು ಲೋಟ ಹಿಡಿದು ಬಂದರು. ಕತ್ತೆಯ ಹಾಲು ಕೂಸಿಗೆ ಒಳ್ಳೆಯದಾದರೆ ಕುದುರೆಯದು ಇನ್ನೂ ಒಳ್ಳೆಯದಲ್ಲವೇ ಎಂದು ಅವರ ವಾದ. ಅವ್ವ ಯಾರಿಗೂ ಒಂದು ತೊಟ್ಟು ಕೊಡಲಿಲ್ಲ. ಮರಿ ತಾಯಿಯ ಲದ್ದಿಗೆ ಬಾಯಿ ಹಾಕಿದಾಗ ನಾನು ಅಸಹ್ಯಪಟ್ಟು ಓಡಿಸಲು ಹೋದೆ. ಅದು ಎಲ್ಲ ಕುದುರೆಮರಿಗಳ ಸ್ವಭಾವ, ಮೇವು ಅರಗಿಸುವ ಶಕ್ತಿ ಹೊಟ್ಟೆಗೆ ಬರುವುದೇ ಹಾಗೆ ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ದೊಡ್ಡ ಕುದುರೆ ಯಾವುದಾದರೂ ಹತ್ತಿರ ಬಂದರೆ ಚೆಲುವ ಕತ್ತು ಚಾಚಿ, ಹಲ್ಲು ತೋರಿಸಿ, ಬಾಯಿಯನ್ನು ಟಪಟಪ ಬಡಿಯುತ್ತಿದ್ದ. 'ನಾನು ಚಿಕ್ಕವನು, ಏನೂ ಮಾಡಬೇಡಿ' ಎಂದು ಹೇಳುವ ರೀತಿಯಂತೆ ಅದು. ಸಾಲ ಕೇಳಲು ಅಂಗಡಿಯವರು ಬಂದಾಗಲೂ ಹಾಗೆಯೇ ಮಾಡಿದ. ಆ ದಿನ ಅಪ್ಪನೂ ನಕ್ಕರು.

ಒಂದೂವರೆ ತಿಂಗಳು ಕಳೆದ ಮೇಲೆ ರಾಣಿ ಬಂಡಿಗೆ ಹೋಗಲೇಬೇಕಾಯಿತು. ಮನೆಯಲ್ಲಿ ರಾಗಿ ತಳ ಕಂಡಿತ್ತು. ಮೊದಲ ದಿನ ಚೆಲುವ ಕಟ್ಟಿದ ಹಗ್ಗವನ್ನು ಎಳೆದೆಳೆದು ಕೂಗಿದ. ಬೀದಿಯ ತುದಿಯಿಂದ ರಾಣಿಯೂ ಕೂಗಿದಳು. ಗಿರಾಕಿಗಳು ಬೇಸರಪಟ್ಟುಕೊಂಡರಂತೆ. ಮಧ್ಯಾಹ್ನದ ರೈಲಿನ ಬಾಡಿಗೆಯನ್ನು ಬಿಟ್ಟು ಅಪ್ಪ ದಿನವೂ ಮನೆಗೆ ಬಂದು ಬಂಡಿ ಕಳಚಿ ಮರಿಗೆ ಹಾಲು ಕುಡಿಸಿಕೊಂಡು ಹೋಗತೊಡಗಿದರು. ಮರಿ ಬೇಡವೆಂದಿದ್ದವರು ಅವರೇ! ಮುಂದೆ ಹೆರಿಗೆ ರಜೆ ಮುಗಿಸಿ ಕೂಸನ್ನು ಬಿಟ್ಟು ಶಾಲೆಗೆ ಹೋದ ಮೊದಲ ದಿನ, ಮೂರನೆಯ ಪೀರಿಯಡ್ಡಿನಲ್ಲಿ ರವಿಕೆ ಒದ್ದೆಯಾದಾಗ ನನಗೆ ಬೀದಿಯ ತುದಿಯಲ್ಲಿ ಕೂಗಿದ ರಾಣಿಯ ನೆನಪಾಯಿತು. ಓದುತ್ತಿರುವ ನಿಮ್ಮಲ್ಲೂ ಅನೇಕರಿಗೆ ಅದು ಗೊತ್ತು.

ಆರು ತಿಂಗಳಿಗೆ ಹಾಲು ಬಿಡಿಸಿದ್ದು, ಎರಡು ವರ್ಷಕ್ಕೆ ಬೆನ್ನ ಮೇಲೆ ಬರಿಯ ಗೋಣಿ ಹೊದಿಸಿ ರೂಢಿ ಮಾಡಿಸಿದ್ದು, ಆಮೇಲೆ ಸಣ್ಣ ದಿಮ್ಮಿ ಎಳೆಸಿದ್ದು, ಎಲ್ಲವನ್ನೂ ಅವ್ವನೇ ಮಾಡಿದಳು. ಅವಳ ಕೈಯಲ್ಲಿ ಒಂದು ದಿನವೂ ಚಾವಟಿ ಇರಲಿಲ್ಲ. ನಾಲಿಗೆಯನ್ನು ಅಂಗಳಕ್ಕೆ ತಾಗಿಸಿ 'ಟ್ಲಕ್' ಎಂದು ಸದ್ದು ಮಾಡಿದರೆ ಚೆಲುವ ಎಲ್ಲಿದ್ದರೂ ಕಿವಿ ತಿರುಗಿಸುತ್ತಿದ್ದ. ಆ ಸದ್ದು ನನಗೂ ಬರುತ್ತದೆ.

1985ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾದೆ. ಅಷ್ಟು ಹೊತ್ತಿಗೆ ಸ್ಟೇಷನ್ನಿನ ಮುಂದೆ ಆಟೋಗಳು ನಿಲ್ಲತೊಡಗಿದ್ದವು. ಮೈಸೂರಿನ ಕಾಲೇಜಿನ ಫೀಸು, ರೈಲಿನ ಪಾಸು, ಪುಸ್ತಕ, ಅದರ ಮೇಲೆ ಹುರುಳಿ ಅಂಗಡಿಯ ಬಾಕಿ. ಎರಡು ಕುದುರೆ ಸಾಕುವ ಮಾತೇ ಇರಲಿಲ್ಲ. "ರಾಣಿಯನ್ನು ಯಾರು ಕೊಳ್ತಾರೆ, ಹಲ್ಲು ಸವೆದಿದೆ" ಎಂದರು ಅಪ್ಪ. ಮೈಸೂರಿನಿಂದ ಒಬ್ಬರು ಬಂದು ಚೆಲುವನ ಬಾಯಿ ಬಿಡಿಸಿ ಹಲ್ಲು ನೋಡಿದರು, ಸುಳಿ ನೋಡಿದರು, ಸಾವಿರದ ಎಂಟುನೂರು ರೂಪಾಯಿ ಎಣಿಸಿ ಕೊಟ್ಟರು. ಅವ್ವ ಹಗ್ಗವನ್ನು ತಾನೇ ಬಿಚ್ಚಿ ಅವರ ಕೈಗೆ ಕೊಟ್ಟು, ಒಳಗೆ ಹೋಗಿ ರಾತ್ರಿಗೆ ಹುರುಳಿ ನೆನೆಹಾಕಿದಳು. ಅಳತೆ ತಪ್ಪಿ ಎರಡಕ್ಕೂ ಸಾಕಾಗುವಷ್ಟು ಹಾಕಿಬಿಟ್ಟಿದ್ದಳು.

ದಿನವೂ ಸಂಜೆ ನಾನು ಕಾಲೇಜಿನಿಂದ ಬಂದ ಕೂಡಲೇ ಅವಳು ಕೇಳುತ್ತಿದ್ದುದು ಒಂದೇ ಮಾತು, "ಕಾಣ್ತೇನವ್ವ?" ಮೈಸೂರಿನಲ್ಲಿ ಆಗ ಟಾಂಗಾಗಳಿಗೇನು ಕಡಿಮೆ? ಈಗಲೂ ಪ್ರವಾಸಿಗಳಿಗಾಗಿ ಕೆಲವು ಓಡುತ್ತವೆ. ಪ್ರತಿಯೊಂದು ಕಂದು ಕುದುರೆಯ ಹಣೆ ನೋಡುತ್ತ ನಾನು ನಡೆಯುತ್ತಿದ್ದೆ. "ಇಲ್ಲ ಕಣವ್ವ" ಎನ್ನುತ್ತಿದ್ದೆ.

ಎರಡನೆಯ ವರ್ಷ ಒಂದು ಮಧ್ಯಾಹ್ನ ದೊಡ್ಡ ಗಡಿಯಾರದ ಹತ್ತಿರ ಕಂಡ. ಬಿಳಿಯ ಬೊಟ್ಟು ಹಾಗೆಯೇ ಇತ್ತು. ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು, ಭುಜದ ಮೇಲೆ ಪಟ್ಟಿ ಉಜ್ಜಿದ ಹುಣ್ಣು, ಅದರ ಮೇಲೆ ನೊಣ. ನಾನು ಸ್ವಲ್ಪ ದೂರ ನಿಂತು ಅವ್ವನಂತೆ 'ಟ್ಲಕ್' ಎಂದೆ. ತಲೆ ಎತ್ತಲಿಲ್ಲ, ಎಡಗಿವಿ ಮಾತ್ರ ನನ್ನ ಕಡೆಗೆ ತಿರುಗಿತು. ಅಷ್ಟರಲ್ಲಿ ಸಾಮಾನು ಹೊತ್ತ ಗಿರಾಕಿಗಳು ಬಂದು ಹತ್ತಿದರು, ಬಂಡಿ ಹೊರಟಿತು.

ಆ ಸಂಜೆ ಅವ್ವ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಯ ಕಲ್ಲು ಆರಿಸುತ್ತಿದ್ದಳು.

"ಕಾಣ್ತೇನವ್ವ?"

"ಇಲ್ಲ ಕಣವ್ವ."

"ಯಾವುದೋ ಒಳ್ಳೆಯವರ ಮನೆ ಸೇರವ್ನೆ ಬಿಡು. ಬಾಡಿಗೆಗೆ ಬಿಟ್ಟಿದ್ರೆ ಇಷ್ಟೊತ್ತಿಗೆ ನಿನ್ನ ಕಣ್ಣಿಗೆ ಬಿದ್ದಿರೋನು" ಎಂದಳು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.