ಹಾಜರಿ ಪುಸ್ತಕದಲ್ಲಿ ವಿಶ್ರಾಂತಿ



ಬಿಡುವಿಲ್ಲದ ಹೆಣ್ಣುಮಕ್ಕಳಿಗೆ ರೇಡಿಯೋದಲ್ಲಿ ನಾವು ಕೊಡುವ ಸಲಹೆಗಳು ನಿಮಗೆಲ್ಲ ಬಾಯಿಪಾಠ. ಬೆಳಗ್ಗೆ ಅರ್ಧ ಗಂಟೆ ನಡೆಯಿರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸಾಕಷ್ಟು ನೀರು ಕುಡಿಯಿರಿ, ಸುಸ್ತಾದಾಗ ಸ್ವಲ್ಪ ಕೂತುಕೊಳ್ಳಿ. ಸಲಹೆ ಒಳ್ಳೆಯದೇ. ಆದರೆ ಕೂರಲು ಕುರ್ಚಿಯೇ ಇಲ್ಲದ ಅಂಗಡಿಯಲ್ಲಿ ನಿಂತವರು ಏನು ಮಾಡಬೇಕು? ಎರಡು ದಿನ ಮಲಗಿದರೆ ಪರೀಕ್ಷೆಯೇ ಕೈತಪ್ಪುವ ಹುಡುಗಿ ಏನು ಮಾಡಬೇಕು? ನಾವು ಬಂದು ನೆಲೆಸಿರುವ ಈ ಕೇರಳದಲ್ಲಿ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಕಥೆ ಶುರುವಾಗುವುದು ಕೊಚ್ಚಿ ರಾಜರ ಊರಾದ ತ್ರಿಪ್ಪೂಣಿತ್ತುರದಲ್ಲಿ, 1912ರ ಜನವರಿಯಲ್ಲಿ. ಅಲ್ಲಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು ವಿ. ಪಿ. ವಿಶ್ವನಾಥ ಅಯ್ಯರ್. ವಾರ್ಷಿಕ ಪರೀಕ್ಷೆಗೆ ಕೂರಬೇಕಾದರೆ 300 ದಿನಗಳ ಹಾಜರಿ ಬೇಕೆಂಬ ನಿಯಮ ಆಗ ಕೊಚ್ಚಿ ಸಂಸ್ಥಾನದಲ್ಲಿತ್ತು. ಆದರೆ ಮುಟ್ಟಿನ ದಿನಗಳಲ್ಲಿ ಹುಡುಗಿಯರೂ ಬರುತ್ತಿರಲಿಲ್ಲ, ಶಿಕ್ಷಕಿಯರೂ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಪರೀಕ್ಷೆ ಬಂದರೆ ಓದಿದ್ದೆಲ್ಲ ವ್ಯರ್ಥ. ಮುಖ್ಯೋಪಾಧ್ಯಾಯರು ತ್ರಿಶೂರಿನಲ್ಲಿದ್ದ ಶಾಲಾ ಇನ್ಸ್‌ಪೆಕ್ಟರರ ಮುಂದೆ ವಿಷಯವಿಟ್ಟರು. ಕೆಲವೇ ದಿನಗಳಲ್ಲಿ ಆದೇಶ ಬಂತು: ಈ ಕಾರಣದಿಂದ ಪರೀಕ್ಷೆ ತಪ್ಪಿಸಿಕೊಂಡವರು ಅದನ್ನು ಮುಂದೆ ಬರೆಯಬಹುದು. ಇತಿಹಾಸಕಾರ ಪಿ. ಭಾಸ್ಕರನುಣ್ಣಿ ಇದನ್ನು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಇದರಲ್ಲಿ ಏನು ದೊಡ್ಡದು ಎನ್ನಿಸಬಹುದು. ಮುಟ್ಟಾದವರು ಮೂರು ದಿನ ಹೊರಗೆ ಕೂರುವ ರೂಢಿ ಕೇರಳದಲ್ಲೂ ಇತ್ತು, ನಮ್ಮ ಕಡೆಯೂ ಇತ್ತಲ್ಲ! "ಹಾಗಾದರೂ ಆಗಿನವರಿಗೆ ವಿಶ್ರಾಂತಿ ಸಿಗುತ್ತಿತ್ತು" ಎಂದು ಹೇಳುವವರು ಇಂದಿಗೂ ಇದ್ದಾರೆ. ಆದರೆ ಆ ವಿಶ್ರಾಂತಿ ಮೈಲಿಗೆಯ ಹೆಸರಿನಲ್ಲಿ ಬರುತ್ತಿತ್ತು. ಬೇರೆ ಚಾಪೆ, ಬೇರೆ ತಟ್ಟೆ, ಮುಟ್ಟಬೇಡ ಎಂಬ ಮಾತು. ಬೇಡವೆಂದರೂ ಬಿಡುವಂತಿಲ್ಲ, ಬೇಕೆಂದು ಕೇಳುವಂತೆಯೂ ಇಲ್ಲ. ತ್ರಿಪ್ಪೂಣಿತ್ತುರದ ಆದೇಶ ಮೈಲಿಗೆಯನ್ನು ಅಳಿಸಲಿಲ್ಲ ನಿಜ. ಆದರೆ ಹುಡುಗಿ ಆ ದಿನಗಳಲ್ಲಿ ಮನೆಯಲ್ಲಿ ಉಳಿದರೆ ಅವಳ ಓದು ಕೆಡಬಾರದು ಎಂದು ಮೊದಲ ಬಾರಿಗೆ ಕಾಗದದ ಮೇಲೆ ಒಪ್ಪಿತು.

ಕಾಸರಗೋಡು, ಮಂಗಳೂರು ಕಡೆಯ ಕೇಳುಗರಿಗೆ ಇಲ್ಲಿ ಕೆಡ್ಡಸ ನೆನಪಾದೀತು. ಫೆಬ್ರವರಿ ಹೊತ್ತಿಗೆ, ತುಳುವರ ಪೊನ್ನಿ ತಿಂಗಳ ಕೊನೆಯಲ್ಲಿ ಬರುವ ಹಬ್ಬ ಅದು. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಕೊನೆಗೆ ಮನೆಯ ಹೆಂಗಸರು ಅವಳಿಗೆ ಎಣ್ಣೆ, ಅರಿಶಿನ, ಕುಂಕುಮ ಒಪ್ಪಿಸುತ್ತಾರೆ. ನೆಲಕ್ಕೆ ದಣಿವಾಗುತ್ತದೆ ಎಂದು ತಿಳಿದ ಜನ ನಮ್ಮವರು. ನೇಗಿಲಿಗೆ ಬಿಡುವು ಕೊಟ್ಟ ಹಾಗೆ ಒಲೆಗೂ ಬಿಡುವು ಕೊಟ್ಟ ಮನೆಗಳು ಎಷ್ಟಿದ್ದವೋ!

ಹೊರಗಿನ ಪ್ರಪಂಚ ಈ ವಿಷಯಕ್ಕೆ ನಿಧಾನವಾಗಿಯೇ ಬಂತು. ಜಪಾನಿನ ಕಾರ್ಮಿಕ ಕಾಯ್ದೆಯಲ್ಲಿ ಮುಟ್ಟಿನ ರಜೆ ಸೇರಿದ್ದು 1947ರಲ್ಲಿ, ಅಂದರೆ ತ್ರಿಪ್ಪೂಣಿತ್ತುರದ ಆದೇಶಕ್ಕೆ 35 ವರ್ಷಗಳ ನಂತರ. ಬಿಹಾರದಲ್ಲಿ ಸರ್ಕಾರಿ ನೌಕರಿಯ ಮಹಿಳೆಯರಿಗೆ ತಿಂಗಳಿಗೆ ಎರಡು ದಿನ ರಜೆ ಸಿಕ್ಕಿದ್ದು 1992ರಲ್ಲಿ.

ಕೇರಳದಲ್ಲಿ ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಜವಳಿ ಅಂಗಡಿಯ ಮಾರಾಟಗಾರ್ತಿಯರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಕೆಲಸ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಶೌಚಾಲಯವಿಲ್ಲದ ಅಂಗಡಿಗಳಲ್ಲಿ ಎಷ್ಟೋ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. "ಸಾಕಷ್ಟು ನೀರು ಕುಡಿಯಿರಿ" ಎಂಬ ನಮ್ಮ ಸಲಹೆ ಅಲ್ಲಿ ಏನು ಕೆಲಸಕ್ಕೆ ಬಂದೀತು? ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರು ಇಂಥ ಹೆಂಗಸರನ್ನು 'ಪೆಣ್‌ಕೂಟ್ಟ್' ಎಂಬ ಸಂಘಟನೆಯಡಿ ಕೂಡಿಸಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ ಕೇಳಿದರು. 2014ರ ಕೊನೆಯಲ್ಲಿ ತ್ರಿಶೂರಿನ ಜವಳಿ ಅಂಗಡಿಯೊಂದರ ಮುಂದೆ ಶುರುವಾದ ಧರಣಿ ನೂರು ದಿನ ದಾಟಿತು. ಮಲಯಾಳಿಗಳು ಅದನ್ನು 'ಇರಿಕ್ಕಲ್ ಸಮರಂ' ಎಂದು ಕರೆದರು, ಅಂದರೆ ಕೂರುವ ಹೋರಾಟ.

ಕೊನೆಗೆ ತಿರುವನಂತಪುರದ ಸರ್ಕಾರ ಕಿವಿಗೊಟ್ಟಿತು. 2018ರಲ್ಲಿ, 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ನಡುವೆ ಕೂರಲು ಆಸನ ಒದಗಿಸುವುದನ್ನು ಕಡ್ಡಾಯ ಮಾಡಿದರು. 2021ರಲ್ಲಿ ತಮಿಳುನಾಡೂ ಇದೇ ದಾರಿ ಹಿಡಿಯಿತು. ಒಂದು ಕುರ್ಚಿಗಾಗಿ ಇಷ್ಟು ವರ್ಷ ಬೇಕಾಯಿತು ನೋಡಿ.

ಆಮೇಲೆ ಸುದ್ದಿ ಮತ್ತೆ ಕೊಚ್ಚಿಯಿಂದ ಬಂತು. 2023ರ ಜನವರಿಯಲ್ಲಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಯರಿಗೆ ಪ್ರತಿ ಸೆಮಿಸ್ಟರಿನ ಹಾಜರಿಯಲ್ಲಿ ಶೇಕಡಾ 2ರಷ್ಟು ರಿಯಾಯಿತಿ ಕೊಟ್ಟಿತು. ಬೇಡಿಕೆ ಇಟ್ಟದ್ದು ವಿದ್ಯಾರ್ಥಿ ಸಂಘ. ಅದೇ ತಿಂಗಳು ಕೇರಳ ಸರ್ಕಾರ ಇದನ್ನು ರಾಜ್ಯದ ಇತರ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. ಶೇಕಡಾ 75ರ ಹಾಜರಿ ಬೇಕಿದ್ದಲ್ಲಿ ವಿದ್ಯಾರ್ಥಿನಿಯರಿಗೆ 73 ಸಾಕು. 18 ದಾಟಿದವರಿಗೆ 60 ದಿನಗಳವರೆಗೆ ಹೆರಿಗೆ ರಜೆಯೂ ಉಂಟು. 1912ರಲ್ಲೂ ಜನವರಿ, 2023ರಲ್ಲೂ ಜನವರಿ. ಎರಡು ಸಲವೂ ತಿದ್ದಿದ್ದು ಹಾಜರಿಯ ಲೆಕ್ಕವನ್ನೇ. 2024ರ ಮಾರ್ಚಿನಲ್ಲಿ ಕೊಚ್ಚಿ ಮೆಟ್ರೊ ತ್ರಿಪ್ಪೂಣಿತ್ತುರ ತಲುಪಿದ ಮೇಲೆ ಆ ಶಾಲೆಯ ಊರಿಗೂ ಈ ವಿಶ್ವವಿದ್ಯಾಲಯಕ್ಕೂ ಒಂದೇ ರೈಲು. ನಡುವಿನ ಕಾಲ ಮಾತ್ರ 111 ವರ್ಷ.

ನಮ್ಮ ತವರು ರಾಜ್ಯವೂ ಹಿಂದೆ ಬೀಳಲಿಲ್ಲ. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಯನ್ನು ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಒಪ್ಪಿತು. ಸರ್ಕಾರಿ ಕಚೇರಿಗಳ ಜೊತೆಗೆ ಖಾಸಗಿ ಸಂಸ್ಥೆಗಳನ್ನೂ ಸೇರಿಸಿದ್ದು ಇದರ ವಿಶೇಷ. ಉದ್ಯೋಗದಾತರ ಕಡೆಯಿಂದ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಆಯಿತು.

ಇದರ ವಿರುದ್ಧದ ಮಾತನ್ನೂ ಕೇಳಬೇಕು. ರಜೆ ಕಡ್ಡಾಯವಾದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂಜರಿಯಬಹುದು ಎಂಬ ಆತಂಕವನ್ನು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಜಪಾನಿನಲ್ಲಿ ಕಾಯ್ದೆ ಇದ್ದರೂ ಆ ರಜೆ ಪಡೆಯುವವರು ಬಹಳ ಕಡಿಮೆ. ಮೇಲಧಿಕಾರಿಯ ಮುಂದೆ ಹೇಳಲು ಸಂಕೋಚ, ಎಷ್ಟೋ ಕಡೆ ಸಂಬಳವೂ ಇಲ್ಲ. ಕಾಯ್ದೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆದರೆ ಕಾಗದದ ಮೇಲೆ ಇಲ್ಲದಿದ್ದರೆ ಕೇಳಲಿಕ್ಕೂ ಆಧಾರವಿರುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರು, ಅಂಗಡಿಯ ಹೆಂಗಸರು, ಕಾಲೇಜಿನ ಹುಡುಗಿಯರು, ಮೂವರೂ ಮೊದಲು ಮಾಡಿದ್ದು ಬಾಯಿಬಿಟ್ಟು ಕೇಳುವ ಕೆಲಸ.

ಆದ್ದರಿಂದ ನಮ್ಮ ಕೇಳುಗ ಅಕ್ಕತಂಗಿಯರಲ್ಲಿ ಒಂದು ಕೋರಿಕೆ. ಬೆಳಗಿನ ನಡಿಗೆ, ಹೊತ್ತಿನ ಊಟ ಬಿಡಬೇಡಿ. ಜೊತೆಗೆ ನಿಮ್ಮ ಕಚೇರಿಯ ರಜೆ ನಿಯಮಗಳನ್ನು ಒಮ್ಮೆ ತೆಗೆದು ಓದಿ, ನಿಮಗೆ ಸಲ್ಲುವುದನ್ನು ಪಡೆದುಕೊಳ್ಳಿ. ಮನೆಯ ಗಂಡಸರಿಗೂ ಒಂದು ಮಾತು: ತಿಂಗಳಲ್ಲಿ ಎರಡು ದಿನ ಅಡುಗೆಮನೆ ನಿಮ್ಮದಾಗಲಿ, ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ನಿಮ್ಮ ಅಜ್ಜಿ, ಅಮ್ಮಂದಿರು ಶಾಲೆಯಲ್ಲೋ ಕೆಲಸದಲ್ಲೋ ಈ ದಿನಗಳನ್ನು ಹೇಗೆ ಕಳೆದರು ಎಂಬ ನೆನಪುಗಳಿದ್ದರೆ ಬರೆದು ಕಳುಹಿಸಿ. ಕನ್ನಡ ಕಾರ್ಯಕ್ರಮದಲ್ಲಿ ಓದೋಣ.